ಬೆಂಕಿ ಬಿದ್ದಾಗ ಬಾವಿ: ಕೋವಿಡ್ ಕ್ಷಿಪ್ರ ಪರೀಕ್ಷೆ ಮತ್ತು ಹೂಡಿಕೆಯ ಲೆಕ್ಕ



ಕೋವಿಡ್ ಕಾಲದ ಒಂದು ನೆನಪು ಬಹುತೇಕ ಎಲ್ಲ ಮನೆಗಳಿಗೂ ಸಮಾನವಾದದ್ದು. ಮೂಗಿನೊಳಗೆ ಹತ್ತಿಯ ಕಡ್ಡಿಯನ್ನು ತಿರುಗಿಸಿ, ಅದನ್ನು ದ್ರಾವಣದಲ್ಲಿ ಅದ್ದಿ, ಬೆರಳುದ್ದದ ಪಟ್ಟಿಯ ಮೇಲೆ ಬಿಟ್ಟು ಹದಿನೈದು ನಿಮಿಷ ಕಾಯುವುದು. ಒಂದೇ ಗೆರೆ ಮೂಡಿದರೆ ನೆಮ್ಮದಿ. ಎರಡನೆಯದೂ ಮೂಡಿದರೆ ಮನೆಯ ಒಂದು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಾಗೆ ಕಾದವರೆಲ್ಲರ ಪ್ರಶ್ನೆ ಒಂದೇ ಆಗಿತ್ತು: ರೋಗ ತಗಲಿದೆಯೋ ಇಲ್ಲವೋ? ಅದೇ ಹೊತ್ತಿನಲ್ಲಿ ಅದೇ ಪಟ್ಟಿಯನ್ನು ಕುರಿತು ಬೇರೆ ಕೆಲವರು ಬೇರೊಂದು ಪ್ರಶ್ನೆಯನ್ನು ಕೇಳುತ್ತಿದ್ದರು: ಇದನ್ನು ತಯಾರಿಸುವ ಕಂಪನಿಯ ಷೇರು ಇನ್ನೆಷ್ಟು ಏರೀತು, ಎಷ್ಟು ಕಾಲ ಏರೀತು? ಈ ಎರಡನೆಯ ಪ್ರಶ್ನೆ ಮತ್ತು ಅದರ ಪರಿಣಾಮಗಳೇ ಇಂದಿನ ಮಾತಿನ ವಿಷಯ.

ಹೂಡಿಕೆದಾರರನ್ನು ಖಳನಾಯಕರೆಂದು ಚಿತ್ರಿಸುವುದು ಸುಲಭ. ಆದರೆ ಅದರಿಂದ ತಿಳಿಯುವುದು ಕಡಿಮೆ. ಈ ಗುಂಪಿನಲ್ಲಿ ವಾಲ್‌ಸ್ಟ್ರೀಟಿನ ದೊಡ್ಡ ನಿಧಿಗಳಿದ್ದಂತೆ, ಲಾಕ್‌ಡೌನಿನ ದಿನಗಳಲ್ಲಿ ಫೋನಿನಲ್ಲಿಯೇ ಖಾತೆ ತೆರೆದು ಉಳಿತಾಯದ ಹಣದಿಂದ ಹತ್ತಿಪ್ಪತ್ತು ಷೇರು ಕೊಂಡ ಸಾಮಾನ್ಯರೂ ಇದ್ದರು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ ಇದರ ಹೊರಗಿನವರಲ್ಲ. ಯಾರ 401ಕೆ ನಿವೃತ್ತಿ ಖಾತೆಯಲ್ಲಿ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಫಂಡ್ ಇದೆಯೋ ಅವರೆಲ್ಲರೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಕೋವಿಡ್ ಪರೀಕ್ಷೆಗಳನ್ನು ಮಾರಿದ ಅಬಾಟ್ ಕಂಪನಿಯ ಕಿರು ಪಾಲುದಾರರು. ಆದ್ದರಿಂದ ಇದು ಪರರ ಕಥೆಯಲ್ಲ.

ಮೊದಲಿಗೆ ಈ ಪಟ್ಟಿ ಏನೆಂಬುದನ್ನು ನೋಡಬೇಕು. ನೈಟ್ರೋಸೆಲ್ಯುಲೋಸ್‌ನ ತೆಳು ಹಾಳೆ. ಅದರ ಒಂದು ತುದಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು. ಮೂಗಿನ ದ್ರವದಲ್ಲಿ ವೈರಸ್ಸಿನ ಪ್ರೋಟೀನು ಇದ್ದರೆ ಪ್ರತಿಕಾಯ ಅದನ್ನು ಹಿಡಿದುಕೊಂಡು ಹಾಳೆಯಲ್ಲಿ ಹರಿಯುತ್ತದೆ, ನಿಗದಿತ ಜಾಗದಲ್ಲಿ ಸಿಕ್ಕಿಬಿದ್ದು ಗೆರೆಯಾಗುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ವಿದ್ಯೆಯೇ ಇದು. ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಷ್ಟು ಸೂಕ್ಷ್ಮವಲ್ಲದಿದ್ದರೂ, ಮೈಯಲ್ಲಿ ವೈರಸ್ಸು ಹೇರಳವಾಗಿದ್ದು ಇತರರಿಗೆ ಹರಡುವ ಸಾಧ್ಯತೆ ಹೆಚ್ಚಿರುವ ದಿನಗಳಲ್ಲಿ ಇದು ರೋಗವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಹಾರ್ವರ್ಡಿನ ಸೋಂಕುಶಾಸ್ತ್ರಜ್ಞ ಮೈಕೆಲ್ ಮಿನಾ 2020ರ ಬೇಸಿಗೆಯಿಂದಲೇ ಇದನ್ನು ಎತ್ತಿ ಹೇಳಿದರು: ಅಗ್ಗದ ಪರೀಕ್ಷೆಯನ್ನು ಪದೇ ಪದೇ ಮನೆಯಲ್ಲಿಯೇ ಮಾಡಿಕೊಳ್ಳುವಂತಾದರೆ ಹರಡುವಿಕೆಯ ಸರಪಳಿಯನ್ನು ಕತ್ತರಿಸಬಹುದು.

ವಿದ್ಯೆ ಗುಟ್ಟಿನದಲ್ಲವೆಂದ ಮೇಲೆ ಕಂಪನಿಗೆ ಲಾಭ ಎಲ್ಲಿಂದ ಬರಬೇಕು? ಹೂಡಿಕೆದಾರರು ಕಂಡುಕೊಂಡ ಉತ್ತರಗಳು ಮೂರು. ಒಂದು, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಡುವ ತುರ್ತು ಬಳಕೆಯ ಅನುಮತಿ. ಅದನ್ನು ಮೊದಲು ಪಡೆದವರಿಗೆ ಅದೊಂದು ಕೋಟೆಗೋಡೆ. ಎರಡು, ಕೋಟಿಗಟ್ಟಲೆ ಪಟ್ಟಿಗಳನ್ನು ತಯಾರಿಸಬಲ್ಲ ಕಾರ್ಖಾನೆ. ಮೂರು, ಸರ್ಕಾರದ ಖರೀದಿ ಆದೇಶ. ಈ ಮೂರೂ ಒಂದೇ ದಿನ ಕೂಡಿಬಂದರೆ ಏನಾಗುತ್ತದೆಂಬುದನ್ನು 2020ರ ಆಗಸ್ಟ್ ಕೊನೆಯ ವಾರ ತೋರಿಸಿತು. ಆಗಸ್ಟ್ 26ರಂದು ಅಬಾಟ್‌ನ ಬೈನಾಕ್ಸ್‌ನೌ ಪರೀಕ್ಷೆಗೆ ಅನುಮತಿ ದೊರೆಯಿತು. ಬೆಲೆ 5 ಡಾಲರ್. ಮರುದಿನವೇ ಅಮೆರಿಕದ ಸರ್ಕಾರ 15 ಕೋಟಿ ಪರೀಕ್ಷೆಗಳನ್ನು ಸುಮಾರು 76 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಅಬಾಟ್ ಷೇರು ಜಿಗಿಯಿತು. ಪ್ರತಿಸ್ಪರ್ಧಿ ಕ್ವಿಡೆಲ್‌ನ ಷೇರು ಕುಸಿಯಿತು. ಅಗ್ಗದ ಪರೀಕ್ಷೆ ಸಮಾಜಕ್ಕೆ ಒಳ್ಳೆಯ ಸುದ್ದಿ, ಕ್ವಿಡೆಲ್ ಷೇರುದಾರನಿಗೆ ಕೆಟ್ಟ ಸುದ್ದಿ. ಈ ಇಬ್ಬಂದಿತನ ಮುಂದಿನ ಮೂರು ವರ್ಷಗಳ ಉದ್ದಕ್ಕೂ ಬಿಡಲಿಲ್ಲ.

ಕ್ವಿಡೆಲ್‌ನ ಕಥೆ ಈ ವ್ಯವಹಾರದ ಸ್ವಭಾವವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಕೋವಿಡ್‌ಗೆ ಮೊದಲ ಆಂಟಿಜೆನ್ ಪರೀಕ್ಷೆಯ ಅನುಮತಿಯನ್ನು 2020ರ ಮೇ ತಿಂಗಳಲ್ಲಿ ಪಡೆದದ್ದು ಈ ಕಂಪನಿ. 2019ರಲ್ಲಿ ಸುಮಾರು 53.5 ಕೋಟಿ ಡಾಲರಿದ್ದ ಅದರ ಆದಾಯ 2020ರಲ್ಲಿ 166 ಕೋಟಿಗೆ ಏರಿತು. ವರ್ಷದ ಆರಂಭದಲ್ಲಿ 75 ಡಾಲರಿನ ಆಸುಪಾಸಿನಲ್ಲಿದ್ದ ಷೇರು ಆಗಸ್ಟ್ ಆರಂಭದಲ್ಲಿ 300 ಡಾಲರ್ ದಾಟಿತು. ಆದರೆ ಅತಿ ಹೆಚ್ಚಿನ ಲಾಭ ಕೈಗೆ ಬಂದ ವರ್ಷಾಂತ್ಯದ ಹೊತ್ತಿಗೆ ಷೇರು 180 ಡಾಲರಿನ ಸಮೀಪಕ್ಕೆ ಇಳಿದಿತ್ತು. ಅಂದರೆ ಆ ವರ್ಷ ಪ್ರತಿ ಷೇರಿಗೆ ಬಂದ ಲಾಭದ ಹತ್ತು ಪಟ್ಟು ಮಾತ್ರ. ವೈದ್ಯಕೀಯ ಉಪಕರಣಗಳ ಕಂಪನಿಗಳಿಗೆ ಮಾರುಕಟ್ಟೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚಿನ ಬೆಲೆ ಕೊಡುತ್ತದೆ. ಲಾಭ ಹೆಚ್ಚಿದಂತೆ ಬೆಲೆ ಇಳಿದದ್ದೇಕೆ? ಈ ಲಾಭ ನಿಲ್ಲುವಂಥದ್ದಲ್ಲ ಎಂದು ಮಾರುಕಟ್ಟೆ ಎಣಿಸಿತ್ತು. ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ. ಆದರೆ ಗಾಳಿಯನ್ನು ನಂಬಿ ಕಣವನ್ನು ಕೊಳ್ಳುವವರು ಯಾರು?

2020ರ ನವೆಂಬರ್ 9ರ ದಿನವನ್ನು ಇಲ್ಲಿ ನೆನೆಯಬೇಕು. ಫೈಜರ್ ಮತ್ತು ಬಯೋಎನ್‌ಟೆಕ್ ತಮ್ಮ ಲಸಿಕೆ ಶೇ 90ಕ್ಕಿಂತ ಹೆಚ್ಚು ಪರಿಣಾಮಕಾರಿ ಎಂದು ಪ್ರಕಟಿಸಿದ ದಿನವದು. ಜಗತ್ತು ನಿಟ್ಟುಸಿರು ಬಿಟ್ಟಿತು. ಪರೀಕ್ಷಾ ಕಂಪನಿಗಳ ಷೇರುಗಳು ಬಿದ್ದವು. ಆ ದಿನ ದುಃಖಿಸಿದ ಹೂಡಿಕೆದಾರನು ಕ್ರೂರಿಯೇನಲ್ಲ. ಅವನ ಹಣವನ್ನು ಇರಿಸಿದ್ದ ಜಾಗ ಅಂಥದ್ದು: ಊರಿನ ಜ್ವರ ಇಳಿದರೆ ಅವನ ಗಂಟು ಕರಗುತ್ತದೆ. ಒಬ್ಬ ಮನುಷ್ಯನ ಉಳಿತಾಯವನ್ನೂ ಅವನ ನೆರೆಯವನ ಆರೋಗ್ಯವನ್ನೂ ಎದುರುಬದುರು ನಿಲ್ಲಿಸುವ ವ್ಯವಸ್ಥೆಯನ್ನು ಪ್ರಶ್ನಿಸಬೇಕೇ ಹೊರತು ಆ ಮನುಷ್ಯನ ಮನಸ್ಸನ್ನಲ್ಲ.

ಈ ಲೆಕ್ಕದ ನಿಜವಾದ ಬೆಲೆ ತಿಳಿದದ್ದು 2021ರಲ್ಲಿ. ಮೇ 13ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಲಸಿಕೆ ಪಡೆದವರಿಗೆ ಮಾಸ್ಕ್ ಬೇಡವೆಂದು ಹೇಳಿತು. ಪರೀಕ್ಷೆಗಳ ಬೇಡಿಕೆ ಕುಸಿಯಿತು. ಜೂನ್ 1ರಂದು ಅಬಾಟ್ ಕಂಪನಿ ತನ್ನ ಆ ವರ್ಷದ ಕೋವಿಡ್ ಪರೀಕ್ಷೆಗಳ ಮಾರಾಟದ ಅಂದಾಜನ್ನು 650–700 ಕೋಟಿ ಡಾಲರಿನಿಂದ 400–450 ಕೋಟಿಗೆ ಇಳಿಸಿತು. ಅಂದೇ ಷೇರು ಸುಮಾರು ಶೇ 9ರಷ್ಟು ಬಿತ್ತು. ಕಂಪನಿ ಮಾಡಿದ್ದು ಷೇರುಪೇಟೆಯ ದೃಷ್ಟಿಯಲ್ಲಿ ಅತ್ಯಂತ ವಿವೇಕದ ಕೆಲಸ: ಖರ್ಚು ಕಡಿತ. ಇಲಿನಾಯ್ ರಾಜ್ಯದ ಗರ್ನಿಯ ಘಟಕ ಮುಚ್ಚಿತು. ಮೇನ್ ರಾಜ್ಯದ ಘಟಕದಲ್ಲಿ ನೂರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಕೈಯಾರೆ ತಯಾರಿಸಿದ ಪರೀಕ್ಷಾ ಕಾರ್ಡುಗಳನ್ನು ತಾವೇ ಕಿತ್ತು ಕಸಕ್ಕೆ ಹಾಕುವಂತೆ ಅಲ್ಲಿಯ ಕಾರ್ಮಿಕರಿಗೆ ಸೂಚಿಸಲಾಯಿತೆಂದು ನ್ಯೂಯಾರ್ಕ್ ಟೈಮ್ಸ್ ಆ ಆಗಸ್ಟಿನಲ್ಲಿ ವರದಿ ಮಾಡಿತು. ಅವು ಪೂರ್ಣ ಪರೀಕ್ಷಾ ಕಿಟ್‌ಗಳಲ್ಲ, ಬಾಳಿಕೆಯ ಅವಧಿ ಸೀಮಿತವಾದ ಬಿಡಿಭಾಗಗಳು ಎಂಬುದು ಕಂಪನಿಯ ಸಮಜಾಯಿಷಿ.

ಆ ವರದಿ ಬರುವ ಹೊತ್ತಿಗಾಗಲೇ ಡೆಲ್ಟಾ ಹರಡುತ್ತಿತ್ತು. ಕಾರ್ಮಿಕರನ್ನು ಮರಳಿ ಕರೆಯುವುದು, ಯಂತ್ರಗಳನ್ನು ಮತ್ತೆ ಚಾಲೂ ಮಾಡುವುದು ಒಂದು ದಿನದ ಕೆಲಸವಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರ ಸುಮಾರು 200 ಕೋಟಿ ಡಾಲರ್ ವೆಚ್ಚದಲ್ಲಿ 28 ಕೋಟಿ ಕ್ಷಿಪ್ರ ಪರೀಕ್ಷೆಗಳನ್ನು ಕೊಳ್ಳುವುದಾಗಿ ಹೇಳಿತು. ಡಿಸೆಂಬರಿನಲ್ಲಿ ಓಮಿಕ್ರಾನ್ ಬಂದಾಗ ಔಷಧದಂಗಡಿಗಳ ಮುಂದೆ ಸಾಲು, ಒಳಗೆ ಬರಿದಾದ ಕಪಾಟು. ಸಿಕ್ಕಲ್ಲಿ ಎರಡು ಪರೀಕ್ಷೆಗಳ ಒಂದು ಪೆಟ್ಟಿಗೆಗೆ ಸುಮಾರು 24 ಡಾಲರ್. ಡಿಸೆಂಬರ್ 21ರಂದು ಅಧ್ಯಕ್ಷ ಬೈಡನ್ 50 ಕೋಟಿ ಉಚಿತ ಪರೀಕ್ಷೆಗಳನ್ನು ಘೋಷಿಸಿದರು. ಮನೆಗೆ ನಾಲ್ಕರಂತೆ ಬೇಡಿಕೆ ಸಲ್ಲಿಸುವ ಸೌಲಭ್ಯ ತೆರೆದದ್ದು ಜನವರಿಯ ಮೂರನೆಯ ವಾರ. ಅಷ್ಟರಲ್ಲಿ ಅಲೆ ನ್ಯೂಯಾರ್ಕಿನಂತಹ ಕಡೆ ಇಳಿಯತೊಡಗಿತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಇಲ್ಲಿ ನಡೆದದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ತೋಡಿದ್ದ ಬಾವಿಯನ್ನೇ ಬೇಸಿಗೆಯಲ್ಲಿ ಮುಚ್ಚಿ, ಬೆಂಕಿ ಬಿದ್ದ ಮೇಲೆ ಮತ್ತೆ ತೋಡಲಾಯಿತು.

ಹೂಡಿಕೆದಾರನ ತಕ್ಕಡಿಗೆ ಇದು ಯಾವ ರೀತಿಯಲ್ಲಿಯೂ ಸೋಲಲ್ಲ. ಅಬಾಟ್‌ನ ಕೋವಿಡ್ ಪರೀಕ್ಷೆಗಳ ಮಾರಾಟ 2021ರಲ್ಲಿ ಸುಮಾರು 770 ಕೋಟಿ ಡಾಲರ್, 2022ರಲ್ಲಿ 840 ಕೋಟಿ ಡಾಲರ್ ಆಯಿತು. 2023ರಲ್ಲಿ 160 ಕೋಟಿಗೆ ಇಳಿಯಿತು. ಹೃದಯದ ಸಾಧನ, ಮಧುಮೇಹದ ಸಂವೇದಕ, ಶಿಶು ಆಹಾರ ಮುಂತಾದ ಹತ್ತು ವ್ಯವಹಾರಗಳಿರುವ ದೊಡ್ಡ ಮರ ಈ ಗಾಳಿಯನ್ನು ತಾಳಿಕೊಂಡಿತು. ಗಾಳಿಯನ್ನೇ ನೆಚ್ಚಿದ್ದ ಸಣ್ಣ ಗಿಡಗಳ ಗತಿ ಬೇರೆ.

ಕ್ಯಾಲಿಫೋರ್ನಿಯಾದ ಲೂಸಿರಾ ಹೆಲ್ತ್ ಕಂಪನಿಗೆ 2020ರ ನವೆಂಬರಿನಲ್ಲಿ, ಸಂಪೂರ್ಣವಾಗಿ ಮನೆಯಲ್ಲಿಯೇ ಮಾಡಿಕೊಳ್ಳುವ ಮೊದಲ ಕೋವಿಡ್ ಪರೀಕ್ಷೆಗೆ ಅನುಮತಿ ದೊರೆಯಿತು. 2021ರ ಫೆಬ್ರುವರಿಯಲ್ಲಿ ಅದು ಷೇರಿಗೆ 17 ಡಾಲರಿನಂತೆ ಸಾರ್ವಜನಿಕರಿಂದ 15.3 ಕೋಟಿ ಡಾಲರ್ ಎತ್ತಿತು. ಕೋವಿಡ್ ಜೊತೆಗೆ ಫ್ಲೂ ಜ್ವರವನ್ನೂ ಒಂದೇ ಸಲ ಪತ್ತೆಹಚ್ಚುವ ಪರೀಕ್ಷೆಯನ್ನು ಸಿದ್ಧಪಡಿಸಿ ಅನುಮತಿಗಾಗಿ ಕಾಯಿತು. ಹಣ ಮುಗಿಯಿತು. 2023ರ ಫೆಬ್ರುವರಿ 22ರಂದು ದಿವಾಳಿ ಅರ್ಜಿ ಸಲ್ಲಿಸಿತು. ಫೆಬ್ರುವರಿ 24ರಂದು ಅನುಮತಿ ಬಂದಿತು. ಎರಡೇ ದಿನಗಳ ಅಂತರ. ಕೊನೆಗೆ ಅದರ ಆಸ್ತಿಯನ್ನು ಫೈಜರ್ ಸುಮಾರು 3.6 ಕೋಟಿ ಡಾಲರಿಗೆ ಕೊಂಡಿತು. ಉಪಯುಕ್ತವಾದ ಸಾಧನ ಉಳಿಯಿತು. ಅದಕ್ಕೆ ಮೊದಲು ಹಣ ಕೊಟ್ಟ ಸಣ್ಣ ಷೇರುದಾರ ಉಳಿಯಲಿಲ್ಲ.

ಸ್ಯಾನ್ ಡಿಯೆಗೊದ ಕ್ಯೂ ಹೆಲ್ತ್ ಕಥೆಯೂ ಇಂಥದೇ. 2020ರ ಅಕ್ಟೋಬರಿನಲ್ಲಿ ಸರ್ಕಾರದಿಂದ 48.1 ಕೋಟಿ ಡಾಲರಿನ ಗುತ್ತಿಗೆ, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಪರೀಕ್ಷೆ ಮಾಡಿದ ಕೀರ್ತಿ, 2021ರ ಸೆಪ್ಟೆಂಬರಿನಲ್ಲಿ ಷೇರಿಗೆ 16 ಡಾಲರಿನಂತೆ 20 ಕೋಟಿ ಡಾಲರ್ ಸಂಗ್ರಹ. ಆದಾಯ 2021ರಲ್ಲಿ ಸುಮಾರು 62 ಕೋಟಿ ಡಾಲರ್. 2023ರಲ್ಲಿ 7 ಕೋಟಿ. 2024ರ ಮೇ ತಿಂಗಳಲ್ಲಿ ಕಂಪನಿ ಬಾಗಿಲು ಮುಚ್ಚಿತು. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಎಲ್ಯೂಮ್‌ಗೆ ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಮೊದಲ ಮನೆ ಪರೀಕ್ಷೆಯ ಅನುಮತಿ 2020ರ ಡಿಸೆಂಬರಿನಲ್ಲಿ ದೊರೆಯಿತು. ಅಮೆರಿಕದ ಸರ್ಕಾರದಿಂದ 23 ಕೋಟಿ ಡಾಲರಿಗೂ ಮಿಗಿಲಾದ ಗುತ್ತಿಗೆಯೂ ಸಿಕ್ಕಿತು. 2021ರ ಶರತ್ಕಾಲದಲ್ಲಿ, ಸೋಂಕಿಲ್ಲದವರಿಗೂ ಸೋಂಕಿದೆಯೆಂದು ತೋರಿಸುವ ದೋಷದಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಹಿಂಪಡೆಯಬೇಕಾಯಿತು. 2022ರಲ್ಲಿ ಕಂಪನಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು.

ಇವು ಪ್ರಾಮಾಣಿಕವಾಗಿ ಸರಕು ತಯಾರಿಸಿದವರ ಕಥೆಗಳು. ಇವರ ನಡುವೆ ಮೋಸಗಾರರೂ ಇದ್ದರು. ಬೆರಳಿನ ಒಂದು ಹನಿ ರಕ್ತದಿಂದ ಒಂದು ನಿಮಿಷದೊಳಗೆ ಕೋವಿಡ್ ಪತ್ತೆಹಚ್ಚುತ್ತೇವೆಂದು ಹೇಳಿಕೊಂಡ ಡಿಸಿಷನ್ ಡಯಾಗ್ನೋಸ್ಟಿಕ್ಸ್ ಎಂಬ ಸಣ್ಣ ಕಂಪನಿಯ ಷೇರನ್ನು ಜನ ಮುಗಿಬಿದ್ದು ಕೊಂಡರು. ಅಂಥ ಪರೀಕ್ಷೆ ಇರಲೇ ಇಲ್ಲ. 2020ರ ಡಿಸೆಂಬರಿನಲ್ಲಿ ಅದರ ಮುಖ್ಯಸ್ಥನ ಮೇಲೆ ವಂಚನೆಯ ಮೊಕದ್ದಮೆ ದಾಖಲಾಯಿತು. ಮುಂದೆ ಆತ ತಪ್ಪೊಪ್ಪಿಕೊಂಡ. ಭಯದ ಕಾಲದಲ್ಲಿ ಭರವಸೆಯನ್ನು ಮಾರುವುದು ಸುಲಭ. ಅದನ್ನು ಕೊಳ್ಳುವವರಲ್ಲಿ ಬಡ ಉಳಿತಾಯಗಾರರೇ ಹೆಚ್ಚು ಪೆಟ್ಟು ತಿನ್ನುತ್ತಾರೆ.

ಖಾಸಗಿ ಹೂಡಿಕೆಗೆ ಬದಲಾಗಿ ಸರ್ಕಾರವೇ ಎಲ್ಲವನ್ನೂ ಕೊಂಡರೆ ಸಮಸ್ಯೆ ತೀರುತ್ತದೆಯೇ? ಬ್ರಿಟನ್ನಿನ ಅನುಭವ ಇದಕ್ಕೆ ಅರ್ಧ ಉತ್ತರ. ಇಂಗ್ಲೆಂಡಿನಲ್ಲಿ 2021ರ ಏಪ್ರಿಲ್ 9ರಿಂದ ಎಲ್ಲರಿಗೂ ವಾರಕ್ಕೆ ಎರಡು ಉಚಿತ ಪರೀಕ್ಷೆ; ಸುಮಾರು ಒಂದು ವರ್ಷ ಅದು ನಡೆಯಿತು. ಬಡವನ ಮನೆಯಲ್ಲಿಯೂ ಪಟ್ಟಿ ಇತ್ತು, ಅದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಬಹುಪಾಲು ಪರೀಕ್ಷೆಗಳನ್ನು ಒದಗಿಸಿದ್ದು ಕ್ಯಾಲಿಫೋರ್ನಿಯಾದ ಪಸಾಕಾ ಕ್ಯಾಪಿಟಲ್ ಎಂಬ ಖಾಸಗಿ ಹೂಡಿಕೆ ಸಂಸ್ಥೆಯ ಒಡೆತನದ ಇನೋವಾ. ಪಟ್ಟಿಗಳು ತಯಾರಾಗುತ್ತಿದ್ದುದು ಚೀನಾದ ಷಿಯಾಮೆನ್ ನಗರದಲ್ಲಿ. ಗುತ್ತಿಗೆಗಳ ಮೊತ್ತ 300 ಕೋಟಿ ಪೌಂಡನ್ನೂ ಮೀರಿತು. 2021ರ ಜೂನ್‌ನಲ್ಲಿ ಎಫ್‌ಡಿಎ ಇದೇ ಇನೋವಾ ಪರೀಕ್ಷೆಯನ್ನು ಬಳಸಬಾರದೆಂದು ಅಮೆರಿಕನ್ನರಿಗೆ ಎಚ್ಚರಿಕೆ ಕೊಟ್ಟಿತು; ಬ್ರಿಟನ್ನಿನ ನಿಯಂತ್ರಕರು ತಾವೇ ಪರಿಶೀಲಿಸಿ ಬಳಕೆಯನ್ನು ಮುಂದುವರಿಸಿದರು. ಹಂಚಿಕೆ ಸಾರ್ವಜನಿಕವಾಗಿತ್ತು, ತಯಾರಿಕೆ, ಲಾಭ ಎರಡೂ ಖಾಸಗಿಯಾಗಿಯೇ ಉಳಿದವು.

ಭಾರತದ ಒಂದು ಪ್ರಸಂಗವೂ ಇಲ್ಲಿ ಪ್ರಸ್ತುತ. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ಕ್ಷಿಪ್ರ ಪ್ರತಿಕಾಯ ಕಿಟ್‌ಗಳ ಬಗ್ಗೆ ವಿತರಕರ ನಡುವೆಯೇ ಜಗಳ ಹುಟ್ಟಿ ದೆಹಲಿ ಹೈಕೋರ್ಟಿಗೆ ಹೋಯಿತು. 245 ರೂಪಾಯಿಗೆ ಬಂದಿಳಿದ ಕಿಟ್ ಐಸಿಎಂಆರ್‌ಗೆ 600 ರೂಪಾಯಿಗೆ ಮಾರಾಟವಾಗುತ್ತಿದ್ದ ಸಂಗತಿ ಹೊರಬಿದ್ದದ್ದು ಆ ಜಗಳದಿಂದ. ಜನರ ಹಿತವನ್ನು ಗಮನಿಸಿದ ನ್ಯಾಯಾಲಯ 400 ರೂಪಾಯಿ ಮೀರಬಾರದೆಂದಿತು. ಕಿಟ್‌ಗಳು ನೀಡುವ ಫಲಿತಾಂಶದಲ್ಲಿ ಭಾರೀ ವ್ಯತ್ಯಾಸ ಕಂಡುಬಂದು, ಅವುಗಳ ಬಳಕೆಯನ್ನು ನಿಲ್ಲಿಸುವಂತೆ ಐಸಿಎಂಆರ್ ರಾಜ್ಯಗಳಿಗೆ ಸೂಚಿಸಿತು. ವಿತರಕರು ಜಗಳವಾಡದೆ ಹೊಂದಿಕೊಂಡಿದ್ದರೆ ಆ ಬೆಲೆ ಯಾರಿಗೆ ತಿಳಿಯುತ್ತಿತ್ತು ಎಂಬ ಪ್ರಶ್ನೆ ಉಳಿಯುತ್ತದೆ.

ಈ ಎಲ್ಲ ಪ್ರಸಂಗಗಳಿಂದ ಎರಡು ಲೆಕ್ಕಗಳು ಬೇರೆಬೇರೆಯಾಗಿ ಕಾಣುತ್ತವೆ. ಹೂಡಿಕೆದಾರನ ಪ್ರಶ್ನೆ: ಬೇಡಿಕೆ ಎಷ್ಟು ಕಾಲ ಉಳಿಯುತ್ತದೆ? ಸಮಾಜದ ಪ್ರಶ್ನೆ: ಬೇಕಾದಾಗ ಸಿಗುತ್ತದೆಯೇ? ಮೊದಲನೆಯ ಲೆಕ್ಕದಲ್ಲಿ ಸುಮ್ಮನೆ ನಿಂತ ಯಂತ್ರ ನಷ್ಟ. ಎರಡನೆಯದರಲ್ಲಿ ಅದೇ ಯಂತ್ರ ರಕ್ಷೆ. ಊರಿನ ಅಗ್ನಿಶಾಮಕ ವಾಹನ ವರ್ಷದ ಬಹುಪಾಲು ದಿನ ನಿಂತೇ ಇರುತ್ತದೆ. ಈ ತಿಂಗಳು ಬೆಂಕಿ ಬಿದ್ದಿಲ್ಲವೆಂದು ಯಾರೂ ಅದನ್ನು ಮಾರುವುದಿಲ್ಲ, ಚಾಲಕನನ್ನು ಮನೆಗೆ ಕಳುಹಿಸುವುದಿಲ್ಲ. ಅವರಿಗೆ ಸಂಬಳ ಕೊಡುವುದು ಬೆಂಕಿ ನಂದಿಸಿದ್ದಕ್ಕೆ ಮಾತ್ರವಲ್ಲ, ಕಾದಿದ್ದಕ್ಕೆ ಕೂಡ. ಕಾಯುವ ಈ ಕೆಲಸಕ್ಕೆ ಷೇರುಪೇಟೆ ಬೆಲೆ ಕಟ್ಟಲಾರದು. ಆ ಹೊಣೆ ಸರ್ಕಾರದ್ದು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಸರ್ಕಾರದ ಹಣದಲ್ಲಿ ಕಾರ್ಖಾನೆಗಳನ್ನು ಸಜ್ಜಾಗಿಡುವ ಪ್ರಯೋಗ ಅಮೆರಿಕದಲ್ಲಿ ನಡೆದಿತ್ತು, ಮತ್ತು ಎಡವಿತ್ತು. ಬಾಲ್ಟಿಮೋರಿನಲ್ಲಿ ಎಮರ್ಜೆಂಟ್ ಬಯೋಸೊಲ್ಯೂಷನ್ಸ್ ಎಂಬ ಕಂಪನಿಯ ಘಟಕವನ್ನು ಇಂಥ ಸಿದ್ಧತೆಗೆಂದೇ ಸರ್ಕಾರ ವರ್ಷಗಟ್ಟಲೆ ಪೋಷಿಸಿತ್ತು. 2021ರಲ್ಲಿ ಅಲ್ಲಿಯೇ ಕಲಬೆರಕೆಯಿಂದ ಸುಮಾರು ಒಂದೂವರೆ ಕೋಟಿ ಡೋಸಿನಷ್ಟು ಜಾನ್ಸನ್ ಆ್ಯಂಡ್ ಜಾನ್ಸನ್ ಲಸಿಕೆ ಹಾಳಾಯಿತು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದು ಕಲಿಸುವ ಪಾಠ, ಕಾಯುವುದಕ್ಕೆ ಹಣ ಕೊಟ್ಟರಷ್ಟೇ ಸಾಲದು ಎಂಬುದು. ಅಗ್ನಿಶಾಮಕ ದಳ ಬೆಂಕಿಯಿಲ್ಲದ ದಿನವೂ ಕವಾಯತು ನಡೆಸುತ್ತದೆ. ಹಾಗೆಯೇ ಈ ಘಟಕಗಳೂ ಫ್ಲೂ, ಡೆಂಗಿ, ಎಚ್‌ಐವಿ, ಮಲೇರಿಯಾ ಪರೀಕ್ಷೆಗಳನ್ನು ತಯಾರಿಸುತ್ತ ಕೈ ಪಳಗಿಸಿಕೊಂಡಿರಬೇಕು. ಅವುಗಳ ಗುಣಮಟ್ಟದ ವರದಿ ಸಾರ್ವಜನಿಕರಿಗೆ ತೆರೆದಿರಬೇಕು. ಗುತ್ತಿಗೆಯಲ್ಲಿ ಬೆಲೆಯ ಮಿತಿಯೂ ಕಾರ್ಮಿಕರ ಕೆಲಸದ ಭದ್ರತೆಯೂ ಬರೆದಿರಬೇಕು. ಅಮೆರಿಕ 2023ರ ಸೆಪ್ಟೆಂಬರಿನಲ್ಲಿ 12 ದೇಶೀ ತಯಾರಕರಿಗೆ 60 ಕೋಟಿ ಡಾಲರ್ ಕೊಟ್ಟು 20 ಕೋಟಿ ಪರೀಕ್ಷೆಗಳನ್ನು ಕೊಂಡದ್ದು ಈ ದಿಕ್ಕಿನ ಒಂದು ಹೆಜ್ಜೆಯಾಗಿತ್ತು. ಆದರೆ ಒಂದು ಸಲದ ಖರೀದಿ ಸಿದ್ಧತೆಯಾಗದು. 2023ರ ಮೇ 11ರಂದು ಆರೋಗ್ಯ ತುರ್ತುಸ್ಥಿತಿ ಮುಗಿದೊಡನೆ ವಿಮಾ ಕಂಪನಿಗಳು ತಿಂಗಳಿಗೆ ಎಂಟು ಪರೀಕ್ಷೆಗಳ ವೆಚ್ಚ ಭರಿಸಬೇಕೆಂಬ ನಿಯಮವೂ ಕೊನೆಗೊಂಡಿತ್ತು.

ಸಣ್ಣ ಹೂಡಿಕೆದಾರನಿಗೂ ಈ ಕಥೆಯಲ್ಲಿ ಎಚ್ಚರಿಕೆಯಿದೆ. ರೋಗದ ಅಲೆಯನ್ನು ನಂಬಿದ ಕಂಪನಿಯ ಲಾಭ ಉತ್ತುಂಗದಲ್ಲಿದ್ದಾಗಲೇ ಅದರ ಷೇರು ಅಗ್ಗವಾಗಿ ಕಾಣುತ್ತದೆ; ಆ ಅಗ್ಗವೇ ಬಲೆ. ಕೇಳಬೇಕಾದ ಪ್ರಶ್ನೆಗಳು ಸರಳ: ಈ ರೋಗ ಹೋದ ಮೇಲೆ ಈ ಕಂಪನಿ ಏನನ್ನು ಮಾರುತ್ತದೆ? ಬಂದ ಹಣ ಬಾಳುವ ಯಾವುದಕ್ಕಾದರೂ ಹೋಗಿದೆಯೇ? ಕೊಳ್ಳುವವನು ಒಬ್ಬನೇ ಆಗಿದ್ದು, ಅವನು ಸರ್ಕಾರವಾಗಿದ್ದರೆ, ಅವನು ಎದ್ದುಹೋದ ದಿನ ಏನಾಗುತ್ತದೆ? ಲೂಸಿರಾ, ಕ್ಯೂ ಷೇರು ಕೊಂಡವರಲ್ಲಿ ಬಹುಮಂದಿ ಈ ಪ್ರಶ್ನೆಗಳನ್ನು ಕೇಳುವ ಹೊತ್ತಿಗೆ ತಡವಾಗಿತ್ತು.

ಆದರೆ ಅದೇ ವ್ಯಕ್ತಿ ಹೂಡಿಕೆದಾರನಷ್ಟೇ ಅಲ್ಲ. ಓಮಿಕ್ರಾನಿನ ಆ ಡಿಸೆಂಬರಿನಲ್ಲಿ ಔಷಧದಂಗಡಿಯ ಮುಂದೆ ಸಾಲಿನಲ್ಲಿ ನಿಂತವನೂ ಅವನೇ; ಮನೆಯಲ್ಲಿ ವಯಸ್ಸಾದ ತಾಯಿಯನ್ನು ಬಿಟ್ಟು ಬಂದವನೂ ಅವನೇ. ಜೂನ್ ತಿಂಗಳಲ್ಲಿ ಖರ್ಚು ಕಡಿತವನ್ನು ಮೆಚ್ಚಿದ ಷೇರುದಾರನೂ ಡಿಸೆಂಬರಿನಲ್ಲಿ ಬರಿಗೈಯಲ್ಲಿ ಮರಳಿದ ಮಗನೂ ಒಬ್ಬನೇ ಆಗಿರಬಹುದು. ಅವನ ಮೊದಲನೆಯ ಮಾತನ್ನು ಆಲಿಸಲು ಷೇರುಪೇಟೆ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆಯುತ್ತದೆ. ಎರಡನೆಯ ಮಾತನ್ನು ಆಲಿಸುವ ಜಾಗವನ್ನು ಕಟ್ಟುವುದು ರಾಜಕಾರಣದ ಕೆಲಸ, ಮತ್ತು ಮುಂದಿನ ರೋಗ ಬರುವ ಮೊದಲು ಮುಗಿಯಬೇಕಾದ ಕೆಲಸ.